ಮಹಾಮಹೋಪಾಧ್ಯಾಯ ಡಾ. ಆರ್. ಶಾಮಾಶಾಸ್ತ್ರಿ (1868–1944): ಸರ್ಕಾರಿ ಗ್ರಂಥಾಲಯದ ತಾಳೆಗರಿಯೊಂದು ಸಾರ್ವಜನಿಕರಿಗೆ ದೊರೆತ ಬಗೆ

ಪೀಠಿಕೆ

ಸರ್ಕಾರದ ವೆಚ್ಚದಲ್ಲಿ ಸಂಗ್ರಹಿಸಲಾದ ಜ್ಞಾನಸಂಪತ್ತು ಸಾರ್ವಜನಿಕರಿಗೆ ಸುಲಭವಾಗಿ ದೊರೆಯಬೇಕೆಂಬುದು ಇಂದು ಎಲ್ಲರೂ ಒಪ್ಪುವ ತತ್ತ್ವವಾಗಿರುತ್ತದೆ. ಈ ತತ್ತ್ವವು ಕಾಯಿದೆಯ ರೂಪ ತಾಳುವುದಕ್ಕೆ ಬಹಳ ಮುಂಚೆಯೇ ಮೈಸೂರು ಸಂಸ್ಥಾನದ ಒಂದು ಗ್ರಂಥಾಲಯದಲ್ಲಿ ಅದು ಕಾರ್ಯರೂಪಕ್ಕೆ ಬಂದಿತ್ತು. ಅಲ್ಲಿ ಗ್ರಂಥಪಾಲಕರಾಗಿ ಸೇವೆ ಸಲ್ಲಿಸುತ್ತಿದ್ದ ರುದ್ರಪಟ್ಟಣದ ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, ಮುದ್ರಿಸಿ, ಇಂಗ್ಲಿಷಿಗೆ ಭಾಷಾಂತರಿಸಿ ಜಗತ್ತಿನ ಮುಂದಿಟ್ಟರು. ಹೆಸರು ಮಾತ್ರ ಉಳಿದು, ಗ್ರಂಥವು ನಷ್ಟವಾಯಿತೆಂದು ವಿದ್ವಾಂಸರು ಭಾವಿಸಿದ್ದ ಕೃತಿ ಅದಾಗಿತ್ತು. ಸದರಿ ಮಹನೀಯರ ಜೀವನ ಹಾಗೂ ಸೇವೆಯ ಸಂಕ್ಷಿಪ್ತ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಶಾಮಾಶಾಸ್ತ್ರಿಗಳು 1868ರಲ್ಲಿ ಕಾವೇರಿ ನದಿಯ ದಂಡೆಯ ಮೇಲಿರುವ ರುದ್ರಪಟ್ಟಣ ಗ್ರಾಮದಲ್ಲಿ ಜನಿಸಿದರು. ಈ ಗ್ರಾಮವು ಈಗ ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿಗೆ ಸೇರಿದ್ದು, ವೇದವಿದ್ಯೆ ಹಾಗೂ ಸಂಗೀತಕ್ಕೆ ಹೆಸರಾಗಿರುತ್ತದೆ. ಬಾಲ್ಯದ ಪಾಠವನ್ನು ಸ್ವಗ್ರಾಮದಲ್ಲಿ ಮುಗಿಸಿದ ಶಾಸ್ತ್ರಿಗಳು ಮೈಸೂರಿಗೆ ತೆರಳಿ ಸಂಸ್ಕೃತ ಪಾಠಶಾಲೆಯಲ್ಲಿ ವ್ಯಾಸಂಗ ಮಾಡಿ ವಿದ್ವತ್ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಅಷ್ಟಕ್ಕೇ ತೃಪ್ತರಾಗದೆ ಇಂಗ್ಲಿಷ್ ವಿದ್ಯಾಭ್ಯಾಸವನ್ನೂ ಕೈಗೊಂಡು 1889ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಬಿ.ಎ. ಪದವಿಯನ್ನು ಪಡೆದರು.

ಒಬ್ಬರೇ ವ್ಯಕ್ತಿಯಲ್ಲಿ ಸಾಂಪ್ರದಾಯಿಕ ಶಾಸ್ತ್ರಪಾಂಡಿತ್ಯವೂ ಆಧುನಿಕ ವಿಶ್ವವಿದ್ಯಾಲಯದ ಶಿಕ್ಷಣವೂ ಕೂಡಿಬರುವುದು ಆ ಕಾಲದಲ್ಲಿ ವಿರಳವಾಗಿತ್ತು. ಪಂಡಿತರಿಗೆ ತಾಳೆಗರಿಯನ್ನು ಓದುವುದು ತಿಳಿದಿತ್ತು. ಆದರೆ ಓದಿದ್ದನ್ನು ದೂರದ ವಿದ್ವಾಂಸರಿಗೆ ತಲುಪಿಸುವ ಭಾಷೆ ತಿಳಿದಿರಲಿಲ್ಲ. ಇಂಗ್ಲಿಷ್ ಬಲ್ಲವರಿಗೆ ಆ ಭಾಷೆ ತಿಳಿದಿತ್ತು. ತಾಳೆಗರಿಯ ಲಿಪಿ ತಿಳಿದಿರಲಿಲ್ಲ. ಶಾಸ್ತ್ರಿಗಳಿಗೆ ಎರಡೂ ತಿಳಿದಿದ್ದುದೇ ಮುಂದಿನ ಕಾರ್ಯಕ್ಕೆ ಮೂಲ ಬಂಡವಾಳವಾಯಿತು. ಇವರ ಪಾಂಡಿತ್ಯವನ್ನು ಮೆಚ್ಚಿದ ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಪ್ರೋತ್ಸಾಹದಿಂದ ಶಾಸ್ತ್ರಿಗಳಿಗೆ ಮೈಸೂರಿನ ಸರ್ಕಾರಿ ಪ್ರಾಚ್ಯ ಗ್ರಂಥಾಲಯದಲ್ಲಿ ಗ್ರಂಥಪಾಲಕರ ಹುದ್ದೆ ದೊರೆಯಿತು.

ಸರ್ಕಾರಿ ಪ್ರಾಚ್ಯ ಗ್ರಂಥಾಲಯ

ಮೈಸೂರಿನ ಪ್ರಾಚ್ಯ ಗ್ರಂಥಾಲಯವು ಶ್ರೀ ಚಾಮರಾಜೇಂದ್ರ ಒಡೆಯರ್ ಅವರ ಆಳ್ವಿಕೆಯಲ್ಲಿ 1891ರಲ್ಲಿ ಸ್ಥಾಪನೆಗೊಂಡಿತು. ವಿಕ್ಟೋರಿಯಾ ರಾಣಿಯ ಆಳ್ವಿಕೆಯ 50ನೆಯ ವರ್ಷದ ನೆನಪಿಗಾಗಿ ನಿರ್ಮಿಸಲಾದ ಜೂಬಿಲಿ ಭವನದಲ್ಲಿ ಇದಕ್ಕೆ ಸ್ಥಳ ಕಲ್ಪಿಸಲಾಯಿತು. ಮನೆಗಳಲ್ಲಿ, ಮಠಗಳಲ್ಲಿ, ಅಗ್ರಹಾರಗಳಲ್ಲಿ ಚದುರಿದ್ದ ಹಸ್ತಪ್ರತಿಗಳನ್ನು ಸಂಗ್ರಹಿಸುವುದು, ಅವುಗಳನ್ನು ಸಂರಕ್ಷಿಸುವುದು, ಪಟ್ಟಿ ಮಾಡುವುದು ಹಾಗೂ ಮುಖ್ಯ ಕೃತಿಗಳನ್ನು ಸಂಪಾದಿಸಿ ಪ್ರಕಟಿಸುವುದು ಗ್ರಂಥಾಲಯದ ಕೆಲಸಗಳಾಗಿದ್ದವು. ಎ. ಮಹಾದೇವಶಾಸ್ತ್ರಿಗಳಂತಹ ವಿದ್ವಾಂಸರು ಇದರ ಮುಖ್ಯಸ್ಥರಾಗಿದ್ದ ಕಾಲದಲ್ಲಿಯೇ ಸಂಸ್ಕೃತ ಗ್ರಂಥಮಾಲೆಯೊಂದು ಸರ್ಕಾರದ ವೆಚ್ಚದಲ್ಲಿ ಹೊರಬರಲು ಆರಂಭವಾಗಿತ್ತು.

ತಾಳೆಗರಿಯ ಆಯುಸ್ಸು ಅನಂತವಲ್ಲ. ಹುಳುವಿನ ಬಾಧೆ, ತೇವ, ಬೆಂಕಿ ಇವುಗಳಿಗೆ ಸಿಲುಕದಂತೆ ಕಾಪಾಡಿದರೂ ಗರಿಗಳ ಅಂಚು ಮುರಿಯುತ್ತದೆ, ಅಕ್ಷರಗಳು ಮಸುಕಾಗುತ್ತವೆ. ಹಿಂದೆ ಪ್ರತಿಯೊಂದು ತಲೆಮಾರಿನವರೂ ಹಳೆಯ ಗರಿಗಳಿಂದ ಹೊಸ ಗರಿಗಳಿಗೆ ಪ್ರತಿ ಮಾಡಿಕೊಳ್ಳುವ ಪದ್ಧತಿಯಿತ್ತು. ಓದುವವರು ಕಡಿಮೆಯಾದ ಗ್ರಂಥಗಳಿಗೆ ಪ್ರತಿ ಮಾಡುವವರೂ ಇಲ್ಲದಾದರು. ಮುದ್ರಣವಾಗದ ಗ್ರಂಥದ ಕೊನೆಯ ಪ್ರತಿ ನಷ್ಟವಾದಲ್ಲಿ ಗ್ರಂಥವೇ ನಷ್ಟವಾದಂತೆ. ಆದುದರಿಂದ ಸರ್ಕಾರವು ಇಂತಹ ಗ್ರಂಥಾಲಯವನ್ನು ಸ್ಥಾಪಿಸಿದ್ದು ಅತ್ಯಂತ ಸಕಾಲಿಕವಾಗಿತ್ತು.

ತಂಜಾವೂರು ಪಂಡಿತರ ಕೊಡುಗೆ

ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಒಂದು ತಾಳೆಗರಿ ಹಸ್ತಪ್ರತಿಯನ್ನು ಮೈಸೂರಿನ ಗ್ರಂಥಾಲಯಕ್ಕೆ ಒಪ್ಪಿಸಿದರು. ಅದರೊಂದಿಗೆ ಭಟ್ಟಸ್ವಾಮಿ ಎಂಬ ಪ್ರಾಚೀನ ವ್ಯಾಖ್ಯಾನಕಾರನ ಟೀಕೆಯ ಒಂದು ಭಾಗವೂ ಇತ್ತು. ಹಸ್ತಪ್ರತಿಯು ಗ್ರಂಥಲಿಪಿಯಲ್ಲಿತ್ತು. ಶಾಸ್ತ್ರಿಗಳು ಅದನ್ನು ಪರಿಶೀಲಿಸಿದಾಗ ಅದು ಕೌಟಿಲ್ಯನ ಅರ್ಥಶಾಸ್ತ್ರವೆಂಬುದು ಖಚಿತವಾಯಿತು.

ಈ ಗ್ರಂಥದ ಹೆಸರು ವಿದ್ವಾಂಸರಿಗೆ ಹೊಸದಾಗಿರಲಿಲ್ಲ. ದಂಡಿ, ಬಾಣಭಟ್ಟ ಮೊದಲಾದ ಕವಿಗಳು ತಮ್ಮ ಕೃತಿಗಳಲ್ಲಿ ಇದನ್ನು ಸ್ಮರಿಸಿದ್ದರು. ಕಾಮಂದಕನ ನೀತಿಸಾರವು ಇದನ್ನೇ ಆಧರಿಸಿತ್ತು. ಆದರೆ ಮೂಲಗ್ರಂಥವನ್ನು ಕಂಡವರಾಗಲಿ, ಓದಿದವರಾಗಲಿ ಆಧುನಿಕ ವಿದ್ವತ್ ವಲಯದಲ್ಲಿ ಇರಲಿಲ್ಲ. 15 ಅಧಿಕರಣಗಳು, 150 ಅಧ್ಯಾಯಗಳು ಮತ್ತು 180 ಪ್ರಕರಣಗಳನ್ನು ಒಳಗೊಂಡ ಈ ಬೃಹತ್ ಗ್ರಂಥವು ಹೀಗೆ ಸರ್ಕಾರಿ ಗ್ರಂಥಾಲಯವೊಂದರ ಕಪಾಟಿನಲ್ಲಿ ದೊರೆಯಿತು.

ಹಸ್ತಪ್ರತಿಯನ್ನು ತಂದುಕೊಟ್ಟ ಪಂಡಿತರನ್ನು ತಂಜಾವೂರು ಜಿಲ್ಲೆಯವರೆಂದು ಮಾತ್ರ ಉಲ್ಲೇಖಿಸಲಾಗಿದ್ದು, ಅವರ ಹೆಸರು ಇತಿಹಾಸದಲ್ಲಿ ಉಳಿದುಬಂದಿಲ್ಲ. ಗ್ರಂಥವನ್ನು ತಮ್ಮ ಮನೆಯ ಅಟ್ಟದಲ್ಲಿಯೇ ಉಳಿಸಿಕೊಳ್ಳದೆ, ಎಲ್ಲರಿಗೂ ಸೇರಿದ ಗ್ರಂಥಾಲಯಕ್ಕೆ ಒಪ್ಪಿಸಿದ ಅವರ ಔದಾರ್ಯವಿಲ್ಲದಿದ್ದಲ್ಲಿ ಮುಂದಿನ ಯಾವ ಕಾರ್ಯವೂ ನಡೆಯುತ್ತಿರಲಿಲ್ಲವೆಂಬುದನ್ನು ಸ್ಮರಿಸುವುದು ಕರ್ತವ್ಯವಾಗಿರುತ್ತದೆ.

ಪ್ರಕಟಣೆಯ ಹಂತಗಳು

ದೊರೆತ ಗ್ರಂಥವನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಎರಡು ಉತ್ತರಗಳು ಸಾಧ್ಯವಿದ್ದವು. ಮತ್ತೊಂದು ಪ್ರತಿ ದೊರೆಯುವವರೆಗೆ ಕಾದು, ಪಾಠವನ್ನು ಪೂರ್ತಿ ಶುದ್ಧಗೊಳಿಸಿದ ನಂತರ ಪ್ರಕಟಿಸುವುದು ಒಂದು. ಕೈಯಲ್ಲಿರುವ ಪ್ರತಿಯನ್ನೇ ಆಧರಿಸಿ, ಸಂದೇಹಗಳಿದ್ದರೂ ಶೀಘ್ರವಾಗಿ ಪ್ರಕಟಿಸಿ ಇತರರ ಪರಿಶೀಲನೆಗೆ ಒದಗಿಸುವುದು ಇನ್ನೊಂದು. ಮೊದಲನೆಯ ಮಾರ್ಗದಲ್ಲಿ ಸಂಪಾದಕರಿಗೆ ಟೀಕೆಯ ಭಯ ಕಡಿಮೆ. ಆದರೆ ಗ್ರಂಥವು ಎಷ್ಟು ಕಾಲ ಕಪಾಟಿನಲ್ಲಿಯೇ ಉಳಿಯುವುದೆಂದು ಹೇಳಲು ಬರುವುದಿಲ್ಲ. ಶಾಸ್ತ್ರಿಗಳು ಎರಡನೆಯ ಮಾರ್ಗವನ್ನು ಆರಿಸಿಕೊಂಡರು.

1. 1905ರಿಂದ ಗ್ರಂಥದ ಭಾಗಗಳ ಇಂಗ್ಲಿಷ್ ಅನುವಾದವು ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಪ್ರಕಟವಾಗತೊಡಗಿತು. ಮುಂದಿನ ಭಾಗಗಳು ಮೈಸೂರ್ ರಿವ್ಯೂ ಪತ್ರಿಕೆಯಲ್ಲಿಯೂ ಬಂದವು.

2. 1909ರಲ್ಲಿ ಸಂಸ್ಕೃತ ಮೂಲವು ಮೈಸೂರು ಸರ್ಕಾರದ ಗ್ರಂಥಮಾಲೆಯಲ್ಲಿ ಮುದ್ರಣಗೊಂಡಿತು.

3. 1915ರಲ್ಲಿ ಸಂಪೂರ್ಣ ಇಂಗ್ಲಿಷ್ ಭಾಷಾಂತರವು ಬೆಂಗಳೂರಿನ ಸರ್ಕಾರಿ ಮುದ್ರಣಾಲಯದಿಂದ ಪುಸ್ತಕರೂಪದಲ್ಲಿ ಹೊರಬಂದಿತು. ಕನ್ನಡ ಶಾಸನಗಳ ಅಧ್ಯಯನದಲ್ಲಿ ಖ್ಯಾತರಾದ ಜೆ.ಎಫ್. ಫ್ಲೀಟ್ ಅವರು ಇದಕ್ಕೆ ಪ್ರಾಸ್ತಾವಿಕ ಟಿಪ್ಪಣಿಯನ್ನು ಬರೆದರು.

4. 1924–25ರ ಅವಧಿಯಲ್ಲಿ ಗ್ರಂಥದ ಸಮಗ್ರ ಪದಸೂಚಿಯು ಮೈಸೂರಿನಿಂದ ಸಂಪುಟಗಳಲ್ಲಿ ಪ್ರಕಟವಾಯಿತು.

ನಾಲ್ಕನೆಯ ಹಂತದ ಮಹತ್ವವನ್ನು ಪ್ರತ್ಯೇಕವಾಗಿ ಗಮನಿಸಬಹುದು. ಒಂದು ದೊಡ್ಡ ಗ್ರಂಥವು ಮುದ್ರಣವಾದ ಮಾತ್ರಕ್ಕೆ ಅದರಲ್ಲಿನ ಮಾಹಿತಿ ಬೇಕಾದವರಿಗೆ ದೊರೆಯುವುದಿಲ್ಲ. ಯಾವ ಪದ ಎಲ್ಲಿದೆಯೆಂದು ತಿಳಿಸುವ ಸೂಚಿಯಿದ್ದಾಗ ಮಾತ್ರ ಸುಂಕ, ಭೂಮಿ, ನೀರಾವರಿ, ತೂಕ ಮತ್ತು ಅಳತೆ ಮುಂತಾದ ವಿಷಯಗಳನ್ನು ಹುಡುಕುವವರಿಗೆ ಅದು ಉಪಯುಕ್ತವಾಗುತ್ತದೆ. ಕಡತವಿದ್ದೂ ಸೂಚಿಯಿಲ್ಲದ ಕಚೇರಿಯ ಸ್ಥಿತಿಯನ್ನು ಬಲ್ಲವರಿಗೆ ಈ ಶ್ರಮದ ಬೆಲೆ ಸುಲಭವಾಗಿ ಅರ್ಥವಾಗುತ್ತದೆ.

ಗ್ರಂಥದಲ್ಲಿರುವ ಆಡಳಿತ ವಿಷಯಗಳು

ಅರ್ಥಶಾಸ್ತ್ರವೆಂದೊಡನೆ ರಾಜತಂತ್ರ, ಗೂಢಚಾರಿಕೆ ಮತ್ತು ಯುದ್ಧಗಳೇ ಬಹುಮಂದಿಯ ನೆನಪಿಗೆ ಬರುತ್ತವೆ. ಆದರೆ ಗ್ರಂಥದ ಎರಡನೆಯ ಅಧಿಕರಣವು ಪೂರ್ಣವಾಗಿ ಇಲಾಖೆಗಳ ಆಡಳಿತಕ್ಕೆ ಸಂಬಂಧಿಸಿರುತ್ತದೆ. ಕೋಶ, ಗಣಿ, ಅರಣ್ಯ, ವ್ಯಾಪಾರ, ತೂಕ ಮತ್ತು ಅಳತೆ, ಸುಂಕ, ನೇಯ್ಗೆ, ಕೃಷಿ, ಹಡಗು ಮುಂತಾದವುಗಳ ಅಧ್ಯಕ್ಷರ ಕರ್ತವ್ಯಗಳನ್ನು ಇದರಲ್ಲಿ ವಿವರಿಸಲಾಗಿದೆ.

ಅಕ್ಷಪಟಲವೆಂಬ ಲೆಕ್ಕಪತ್ರ ಕಚೇರಿಯ ವಿವರಗಳು ವಿಶೇಷ ಗಮನಕ್ಕೆ ಅರ್ಹವಾಗಿವೆ. ಲೆಕ್ಕದ ವರ್ಷವು 354 ದಿನಗಳದ್ದಾಗಿದ್ದು ಆಷಾಢ ಮಾಸದಲ್ಲಿ ಮುಕ್ತಾಯಗೊಳ್ಳುತ್ತಿತ್ತು. ವಿವಿಧ ಇಲಾಖೆಗಳ ಲೆಕ್ಕಿಗರು ಮೊಹರು ಮಾಡಿದ ಲೆಕ್ಕಪತ್ರಗಳೊಂದಿಗೆ ನಿಗದಿತ ಕಾಲಕ್ಕೆ ಹಾಜರಾಗಬೇಕಿತ್ತು, ವಿಳಂಬಕ್ಕೆ ದಂಡವಿತ್ತು. ಸರ್ಕಾರದ ಹಣವನ್ನು ಅಪಹರಿಸುವ 40 ವಿಧಾನಗಳನ್ನು ಗ್ರಂಥವು ಪಟ್ಟಿ ಮಾಡುತ್ತದೆ. ಬಂದ ಹಣವನ್ನು ಬಂದ ದಿನ ಬರೆಯದೆ ಬಿಡುವುದು, ಒಬ್ಬರಿಂದ ಬಂದುದನ್ನು ಮತ್ತೊಬ್ಬರ ಹೆಸರಿಗೆ ಜಮಾ ಮಾಡುವುದು, ತೂಕ ಅಳತೆಗಳಲ್ಲಿ ವ್ಯತ್ಯಾಸ ಮಾಡುವುದು ಮುಂತಾದವು ಆ ಪಟ್ಟಿಯಲ್ಲಿ ಸೇರಿವೆ. ಇಂದಿನ ಲೆಕ್ಕಪರಿಶೋಧಕರಿಗೂ ಇವು ಅಪರಿಚಿತವೆನಿಸಲಾರವು. ಅಪಹರಣದ ಬಗ್ಗೆ ಮಾಹಿತಿ ನೀಡಿದವರಿಗೆ, ಆರೋಪ ಸಾಬೀತಾದ ಪಕ್ಷದಲ್ಲಿ, ಮೊತ್ತದ ಆರನೆಯ ಒಂದು ಭಾಗವನ್ನು ಬಹುಮಾನವಾಗಿ ನೀಡಬೇಕೆಂಬ ನಿಯಮವೂ ಇರುತ್ತದೆ.

ರಾಜಶಾಸನಗಳನ್ನು ಬರೆಯುವ ಕ್ರಮಕ್ಕಾಗಿಯೇ ಒಂದು ಅಧ್ಯಾಯ ಮೀಸಲಾಗಿದೆ. ವಿಷಯಗಳ ಕ್ರಮ, ಹೊಂದಾಣಿಕೆ, ಪರಿಪೂರ್ಣತೆ, ಮಾಧುರ್ಯ, ಗಾಂಭೀರ್ಯ ಮತ್ತು ಸ್ಪಷ್ಟತೆಗಳು ಸರ್ಕಾರಿ ಬರಹಕ್ಕೆ ಇರಬೇಕಾದ ಗುಣಗಳೆಂದು ಅಲ್ಲಿ ಹೇಳಲಾಗಿದೆ.

ವಿದ್ವತ್ ಲೋಕದ ಪ್ರತಿಕ್ರಿಯೆ

ಪ್ರಾಚೀನ ಭಾರತೀಯರು ಧರ್ಮ ಮತ್ತು ತತ್ತ್ವಚಿಂತನೆಯಲ್ಲಿ ಮಾತ್ರ ಆಸಕ್ತರಾಗಿದ್ದು, ರಾಜ್ಯಾಡಳಿತದ ಬಗ್ಗೆ ಕ್ರಮಬದ್ಧವಾಗಿ ಚಿಂತಿಸಿದವರಲ್ಲವೆಂಬ ಅಭಿಪ್ರಾಯವು ಆಗ ಪ್ರಚಲಿತವಾಗಿತ್ತು. ಅರ್ಥಶಾಸ್ತ್ರದ ಪ್ರಕಟಣೆಯಿಂದ ಈ ಅಭಿಪ್ರಾಯಕ್ಕೆ ಆಧಾರವಿಲ್ಲದಂತಾಯಿತು. ಜರ್ಮನಿಯ ಹರ್ಮನ್ ಯಾಕೋಬಿ ಮತ್ತು ಯೂಲಿಯಸ್ ಯಾಲಿ ಮೊದಲಾದ ವಿದ್ವಾಂಸರು ಗ್ರಂಥದ ಕಾಲ ಹಾಗೂ ಕರ್ತೃತ್ವದ ಬಗ್ಗೆ ಚರ್ಚೆ ನಡೆಸಿದರು. ಇತಿಹಾಸಕಾರ ವಿನ್ಸೆಂಟ್ ಸ್ಮಿತ್ ಅವರು ತಮ್ಮ ಭಾರತದ ಪ್ರಾಚೀನ ಇತಿಹಾಸ ಗ್ರಂಥದ 1914ರ ಆವೃತ್ತಿಯಲ್ಲಿ ಇದರ ಮಾಹಿತಿಯನ್ನು ಬಳಸಿಕೊಂಡರು. ಸ್ವಾತಂತ್ರ್ಯ ಚಳವಳಿಯ ಕಾಲದ ಭಾರತೀಯ ಚಿಂತಕರಿಗೂ ಈ ಗ್ರಂಥವು ಆತ್ಮವಿಶ್ವಾಸದ ಮೂಲವಾಯಿತು.

ಪ್ರಕಟಣೆಯ ಮತ್ತೊಂದು ಫಲವೆಂದರೆ ಇತರ ಹಸ್ತಪ್ರತಿಗಳು ಬೆಳಕಿಗೆ ಬಂದುದು. ಗ್ರಂಥ ಯಾವುದೆಂದು ತಿಳಿದ ಮೇಲೆ ಬೇರೆ ಸಂಗ್ರಹಗಳಲ್ಲಿಯೂ ಹುಡುಕಾಟ ನಡೆಯಿತು. ಮ್ಯೂನಿಕ್ ನಗರದಲ್ಲಿದ್ದ ಪ್ರತಿಯನ್ನು ಆಧರಿಸಿ ಯಾಲಿ ಮತ್ತು ಶ್ಮಿತ್ ಅವರ ಆವೃತ್ತಿಯು 1923–24ರಲ್ಲಿ ಲಾಹೋರಿನಿಂದ ಪ್ರಕಟವಾಯಿತು. ಟಿ. ಗಣಪತಿಶಾಸ್ತ್ರಿಗಳು 1924–25ರಲ್ಲಿ ತಿರುವನಂತಪುರದಿಂದ ವ್ಯಾಖ್ಯಾನಸಹಿತವಾದ ಆವೃತ್ತಿಯನ್ನು ಹೊರತಂದರು. ಬೊಂಬಾಯಿ ವಿಶ್ವವಿದ್ಯಾಲಯವು 1960 ಮತ್ತು 1965ರ ನಡುವೆ ಆರ್.ಪಿ. ಕಾಂಗ್ಲೆ ಅವರ ವಿಮರ್ಶಾತ್ಮಕ ಆವೃತ್ತಿಯನ್ನು ಪ್ರಕಟಿಸಿತು.

ಈ ನಂತರದ ಆವೃತ್ತಿಗಳು ಶಾಸ್ತ್ರಿಗಳ ಪಾಠದಲ್ಲಿನ ಹಲವು ಸ್ಥಳಗಳನ್ನು ತಿದ್ದಿದವು. ಭಾಷಾಂತರದ ಕೆಲವು ಭಾಗಗಳ ಅರ್ಥವನ್ನೂ ಬೇರೆಯಾಗಿ ಗ್ರಹಿಸಿದವು. ಗ್ರಂಥವು ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಚಂದ್ರಗುಪ್ತ ಮೌರ್ಯನ ಮಂತ್ರಿಯಾದ ಚಾಣಕ್ಯನಿಂದಲೇ ರಚಿತವಾಯಿತೆಂದು ಶಾಸ್ತ್ರಿಗಳು ನಂಬಿದ್ದರು. ಗ್ರಂಥವು ಒಬ್ಬರ ಕೃತಿಯಾಗಿರದೆ ಹಲವರ ಬರಹಗಳ ಸಂಕಲನವೆಂದೂ, ಅದರ ಈಗಿನ ರೂಪವು ಮೌರ್ಯರ ಕಾಲಕ್ಕಿಂತ ನಂತರದ್ದೆಂದೂ ಈಚಿನ ಅನೇಕ ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಈ ತಿದ್ದುಪಡಿಗಳಿಂದ ಶಾಸ್ತ್ರಿಗಳ ಕಾರ್ಯದ ಮಹತ್ವ ಕುಂದುವುದಿಲ್ಲ. ಪ್ರಕಟವಾದುದನ್ನು ಮಾತ್ರ ತಿದ್ದಲು ಸಾಧ್ಯ. ಶಾಸ್ತ್ರಿಗಳೂ ಹೊಸ ಪ್ರತಿಗಳು ದೊರೆತಂತೆ ತಮ್ಮ ಪಾಠವನ್ನೂ ಭಾಷಾಂತರವನ್ನೂ ಪರಿಷ್ಕರಿಸುತ್ತ ಬಂದರು.

ನಂತರದ ಸೇವೆ

1912ರಲ್ಲಿ ಶಾಸ್ತ್ರಿಗಳನ್ನು ಬೆಂಗಳೂರಿನ ಶ್ರೀ ಚಾಮರಾಜೇಂದ್ರ ಸಂಸ್ಕೃತ ಕಾಲೇಜಿನ ಪ್ರಾಂಶುಪಾಲರನ್ನಾಗಿ ನೇಮಿಸಲಾಯಿತು. ಸಂಪೂರ್ಣ ಭಾಷಾಂತರವು ಪುಸ್ತಕವಾಗಿ ಹೊರಬಂದುದು ಈ ಅವಧಿಯಲ್ಲಿ. ಮೈಸೂರು ವಿಶ್ವವಿದ್ಯಾಲಯವು 1916ರಲ್ಲಿ ಸ್ಥಾಪನೆಗೊಂಡಾಗ ಪ್ರಾಚ್ಯ ಗ್ರಂಥಾಲಯವನ್ನು ಅದರ ಆಡಳಿತಕ್ಕೆ ಒಪ್ಪಿಸಲಾಯಿತು. 1918ರಲ್ಲಿ ಶಾಸ್ತ್ರಿಗಳು ಅದೇ ಗ್ರಂಥಾಲಯಕ್ಕೆ ಕ್ಯುರೇಟರ್ ಆಗಿ ಹಿಂದಿರುಗಿದರು.

ಸಂಸ್ಕೃತದಂತೆ ಕನ್ನಡ ಗ್ರಂಥಗಳ ಪ್ರಕಟಣೆಗೂ ಅವರು ಗಮನ ನೀಡಿದರು. ಕೆಳದಿ ಅರಸರ ಇತಿಹಾಸಕ್ಕೆ ಮುಖ್ಯ ಆಧಾರವಾದ ಲಿಂಗಣ್ಣ ಕವಿಯ ಕೆಳದಿನೃಪವಿಜಯ, ಮೈಸೂರು ಅರಸ ಕಂಠೀರವ ನರಸರಾಜ ಒಡೆಯರ ಕಾಲವನ್ನು ವರ್ಣಿಸುವ ಗೋವಿಂದ ವೈದ್ಯನ ಕಂಠೀರವ ನರಸರಾಜವಿಜಯ ಮತ್ತು ನಯಸೇನನ ಧರ್ಮಾಮೃತಗಳು 1920ರ ದಶಕದಲ್ಲಿ ಇವರ ಸಂಪಾದಕತ್ವದಲ್ಲಿ ಮುದ್ರಣಗೊಂಡವು. ನಾಡಿನ ಇತಿಹಾಸ ಬರೆಯುವವರಿಗೆ ಈ ಪ್ರಕಟಣೆಗಳಿಂದ ಆದ ಅನುಕೂಲ ಅಪಾರವಾದುದು.

1922ರಲ್ಲಿ ಆರ್. ನರಸಿಂಹಾಚಾರ್ಯರು ನಿವೃತ್ತರಾದ ನಂತರ ಮೈಸೂರು ಪುರಾತತ್ತ್ವ ಇಲಾಖೆಯ ನಿರ್ದೇಶಕರ ಹೊಣೆಯು ಶಾಸ್ತ್ರಿಗಳಿಗೆ ಬಂದಿತು. ಹೊಸದಾಗಿ ದೊರೆತ ಶಾಸನಗಳ ಪಾಠ ಹಾಗೂ ವಿವರಗಳನ್ನು ಒಳಗೊಂಡ ಇಲಾಖೆಯ ವಾರ್ಷಿಕ ವರದಿಗಳನ್ನು ಮುದ್ರಿಸಿ ಹೊರತರುವ ಪದ್ಧತಿಯನ್ನು ಅವರ ಅವಧಿಯಲ್ಲಿಯೂ ಮುಂದುವರಿಸಲಾಯಿತು. 1929ರಲ್ಲಿ ಅವರು ಸೇವೆಯಿಂದ ನಿವೃತ್ತರಾದರು. ಅವರ ನಂತರ ಡಾ. ಎಂ.ಎಚ್. ಕೃಷ್ಣ ಅವರು ಈ ಹುದ್ದೆಯನ್ನು ವಹಿಸಿಕೊಂಡರು.

ನಿವೃತ್ತಿಯ ನಂತರವೂ ಶಾಸ್ತ್ರಿಗಳ ಸಂಶೋಧನೆ ನಿಲ್ಲಲಿಲ್ಲ. ವೇದಕಾಲದ ಪಂಚಾಂಗ ಮತ್ತು ಗ್ರಹಣಗಳು ಅವರ ಆಸಕ್ತಿಯ ವಿಷಯಗಳಾಗಿದ್ದು, ಆ ಕುರಿತು ದ್ರಪ್ಸ ಎಂಬ ಇಂಗ್ಲಿಷ್ ಗ್ರಂಥವನ್ನು 1938ರಲ್ಲಿ ಪ್ರಕಟಿಸಿದರು. 1944ರಲ್ಲಿ ಅವರು ನಿಧನರಾದರು.

ಗೌರವಗಳು

ಕಲ್ಕತ್ತಾ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಸರ್ ಆಶುತೋಷ್ ಮುಖರ್ಜಿಯವರು ಶಾಸ್ತ್ರಿಗಳ ವಿದ್ವತ್ತನ್ನು ಬಹಳವಾಗಿ ಗೌರವಿಸಿದರು. ಅಲ್ಲಿ ನೀಡಿದ ಉಪನ್ಯಾಸಗಳು ಭಾರತೀಯ ರಾಜ್ಯವ್ಯವಸ್ಥೆಯ ವಿಕಾಸವನ್ನು ಕುರಿತ ಇಂಗ್ಲಿಷ್ ಗ್ರಂಥವಾಗಿ 1920ರಲ್ಲಿ ಪ್ರಕಟವಾದವು. ಅದೇ ವಿಶ್ವವಿದ್ಯಾಲಯವು 1921ರಲ್ಲಿ ಅವರಿಗೆ ಡಾಕ್ಟರೇಟ್ ಪದವಿ ನೀಡಿತು. ಮೈಸೂರು ಮಹಾರಾಜರಿಂದ ಅರ್ಥಶಾಸ್ತ್ರವಿಶಾರದ ಎಂಬ ಬಿರುದೂ, ಭಾರತ ಸರ್ಕಾರದಿಂದ ಮಹಾಮಹೋಪಾಧ್ಯಾಯ ಎಂಬ ಬಿರುದೂ ಅವರಿಗೆ ಸಂದವು.

ಇಂದಿನ ಸಂದರ್ಭದಲ್ಲಿ

ಪ್ರಾಚ್ಯ ಗ್ರಂಥಾಲಯವು 1943ರಲ್ಲಿ ಪ್ರಾಚ್ಯವಿದ್ಯಾ ಸಂಶೋಧನಾಲಯವೆಂಬ ಹೆಸರನ್ನು ಪಡೆಯಿತು. ಅರ್ಥಶಾಸ್ತ್ರದ ತಾಳೆಗರಿ ಪ್ರತಿಯು ಈ ಸಂಸ್ಥೆಯ ಸಂಗ್ರಹಕ್ಕೆ ಸೇರಿರುತ್ತದೆ.

ಶಾಸ್ತ್ರಿಗಳ ಕಾಲದಲ್ಲಿ ಮುದ್ರಿತ ಪುಸ್ತಕವು ದೊರೆಯುವ ಗ್ರಂಥಾಲಯಗಳು ಕೆಲವೇ ಆಗಿದ್ದವು. ಸಂಸ್ಕೃತ ಅಥವಾ ಇಂಗ್ಲಿಷ್ ತಿಳಿಯದವರಿಗೆ ಅದು ದೂರವೇ ಉಳಿದಿತ್ತು. ಈ ಅಡಚಣೆಗಳು ಕ್ರಮೇಣ ಕಡಿಮೆಯಾಗಿವೆ. ಕೃತಿಸ್ವಾಮ್ಯ ಅಧಿನಿಯಮ, 1957ರ ಪ್ರಕಾರ ಲೇಖಕರ ಮರಣದ ಮುಂದಿನ ವರ್ಷದಿಂದ 60 ವರ್ಷಗಳವರೆಗೆ ಕೃತಿಸ್ವಾಮ್ಯವಿರುತ್ತದೆ. ಅದರಂತೆ ಶಾಸ್ತ್ರಿಗಳ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗಳ ಸ್ವಾಮ್ಯವು 2004ರ ಅಂತ್ಯಕ್ಕೆ ಮುಕ್ತಾಯವಾಗಿದ್ದು, ಅವುಗಳನ್ನು ಯಾರು ಬೇಕಾದರೂ ಮುದ್ರಿಸಬಹುದು, ಅನುವಾದಿಸಬಹುದು. 1915ರ ಭಾಷಾಂತರವು ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತದೆ. ಹಸ್ತಪ್ರತಿಗಳ ಸಮೀಕ್ಷೆ ಹಾಗೂ ಸಂರಕ್ಷಣೆಗಾಗಿ ಭಾರತ ಸರ್ಕಾರವು 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವನ್ನು ಆರಂಭಿಸಿತು.

ಸರ್ಕಾರಿ ದಾಖಲೆಗಳ ವಿಷಯದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005 ಜಾರಿಗೆ ಬಂದಿರುತ್ತದೆ. ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ ತನ್ನ ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿಯೊಂದಿಗೆ ನಿರ್ವಹಿಸತಕ್ಕದ್ದೆಂದು ಇದರ 4ನೆಯ ಪ್ರಕರಣವು ತಿಳಿಸುತ್ತದೆ. ಸಂಗ್ರಹಿಸುವುದು, ಪಟ್ಟಿ ಮಾಡುವುದು, ಸೂಚಿ ಸಿದ್ಧಪಡಿಸುವುದು, ಕೇಳುವ ಮೊದಲೇ ಪ್ರಕಟಿಸುವುದು: ಇವೇ ಮೈಸೂರಿನ ಗ್ರಂಥಾಲಯದಲ್ಲಿ ಶಾಸ್ತ್ರಿಗಳು ಅನುಸರಿಸಿದ ಕ್ರಮಗಳಾಗಿದ್ದವು.

ಸಾರ್ವಜನಿಕರ ಗಮನಕ್ಕೆ

1. ಮನೆಗಳಲ್ಲಿ ತಾಳೆಗರಿ, ಕಡತ, ಹಳೆಯ ಕಾಗದದ ಹಸ್ತಪ್ರತಿಗಳು ಇರುವವರು ಅವುಗಳನ್ನು ಹೊಳೆಗೆ ಬಿಡುವುದಾಗಲಿ, ಗುಜರಿಗೆ ಹಾಕುವುದಾಗಲಿ ಮಾಡಬಾರದು. ಸಮೀಪದ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗಕ್ಕೆ ತೋರಿಸುವುದು ಸೂಕ್ತ. ಲಿಪಿ ತಿಳಿಯದು ಎಂಬ ಕಾರಣಕ್ಕೆ ಅವು ನಿರುಪಯುಕ್ತವೆಂದು ಭಾವಿಸಬಾರದು.

2. ಹಸ್ತಪ್ರತಿಯನ್ನು ಕೊಡುಗೆಯಾಗಿ ನೀಡುವವರು ತಮ್ಮ ಹೆಸರು, ಊರು ಹಾಗೂ ಹಸ್ತಪ್ರತಿಯು ಮನೆಯಲ್ಲಿ ಉಳಿದುಬಂದ ಹಿನ್ನೆಲೆಯನ್ನು ಬರವಣಿಗೆಯಲ್ಲಿ ನೀಡಿ ಸ್ವೀಕೃತಿ ಪಡೆಯುವುದು ಉತ್ತಮ. ತಂಜಾವೂರಿನ ಪಂಡಿತರ ಹೆಸರು ಉಳಿಯದಂತೆ ಇವರ ಹೆಸರೂ ಮರೆಯಾಗಬಾರದು.

3. ಸಂಶೋಧನಾ ಗ್ರಂಥಾಲಯಗಳಲ್ಲಿ ಮೂಲ ಪ್ರತಿಗಳನ್ನು ನೋಡಬಯಸುವವರು ಆಯಾ ಸಂಸ್ಥೆಯ ಮುಖ್ಯಸ್ಥರಿಗೆ ಉದ್ದೇಶವನ್ನು ತಿಳಿಸಿ ಲಿಖಿತ ಮನವಿ ಸಲ್ಲಿಸುವುದು ಸೂಕ್ತ.

4. ಸರ್ಕಾರಿ ಕಚೇರಿಗಳ ದಾಖಲೆಗಳನ್ನು ಪರಿವೀಕ್ಷಿಸಲು, ಟಿಪ್ಪಣಿ ಮಾಡಿಕೊಳ್ಳಲು ಮತ್ತು ದೃಢೀಕೃತ ಪ್ರತಿ ಪಡೆಯಲು ಮಾಹಿತಿ ಹಕ್ಕು ಅಧಿನಿಯಮದಲ್ಲಿ ಅವಕಾಶವಿರುತ್ತದೆ. ಅರ್ಜಿಯನ್ನು ಸಂಬಂಧಪಟ್ಟ ಸಾರ್ವಜನಿಕ ಮಾಹಿತಿ ಅಧಿಕಾರಿಯವರಿಗೆ ಸಲ್ಲಿಸತಕ್ಕದ್ದು. ಅಧಿನಿಯಮದಲ್ಲಿ ವಿನಾಯಿತಿ ನೀಡಿರುವ ಮಾಹಿತಿಯನ್ನು ಹೊರತುಪಡಿಸಿ, ಸಾಮಾನ್ಯವಾಗಿ 30 ದಿನಗಳೊಳಗೆ ಮಾಹಿತಿಯನ್ನು ಒದಗಿಸಲಾಗುತ್ತದೆ.